ಬೀಳುವ ವಿದ್ಯೆ

ಆಟವೆಂಬುದು ಆಟವೇ; ಅದರಲ್ಲಿ ಧರ್ಮಾಧರ್ಮಗಳ ಜಿಜ್ಞಾಸೆ ಏತಕ್ಕೆ ಎಂದು ಕೇಳುವವರುಂಟು. ಗೆದ್ದವನು ಹಿಗ್ಗುತ್ತಾನೆ, ಸೋತವನು ಕುಗ್ಗುತ್ತಾನೆ, ನೋಡಿದವರು ಮನೆಗೆ ಹೋಗಿ ಉಂಡು ಮಲಗುತ್ತಾರೆ. ಇಷ್ಟಕ್ಕೆ ಲೋಕವೇನು ಮುಳುಗಿಹೋಗುವುದೇ ಎಂಬುದು ಅವರ ವಾದ. ಆದರೆ ಕೋಟ್ಯಂತರ ಜನರು ಏಕಕಾಲದಲ್ಲಿ ಕಣ್ಣಿಟ್ಟು ನೋಡುವ ಆಟದಲ್ಲಿ, ಎಲ್ಲರ ಕಣ್ಣೆದುರಿಗೇ ಒಬ್ಬನು ಮೈಯಿಂದ ಸುಳ್ಳಾಡಿ, ಆ ಸುಳ್ಳಿನ ಫಲವನ್ನೂ ಪಡೆದು, ಮೇಲೆ ಮೆಚ್ಚಿಗೆಯನ್ನೂ ಗಳಿಸಿದನೆಂದರೆ, ಅದು ಆಟದ ಬಯಲಿನ ಬೇಲಿಯೊಳಗೇ ನಿಲ್ಲತಕ್ಕ ಸಂಗತಿಯಲ್ಲ. ವೃತ್ತಿಪರ ಕಾಲ್ಚೆಂಡಾಟದಲ್ಲಿ ಬೇರೂರಿರುವ ‘ಡೈವಿಂಗ್’ ಎಂಬ ಕಪಟವನ್ನು ಕುರಿತು ನಾವು ಇಂದು ನಾಲ್ಕು ಮಾತು ಬರೆಯುವುದಕ್ಕೆ ಇದೇ ಕಾರಣ.

ಆಟದ ಮರ್ಮವನ್ನರಿಯದ ವಾಚಕರಿಗಾಗಿ ಮೊದಲು ಸ್ವಲ್ಪ ವಿವರಣೆ ಅವಶ್ಯ. ಚೆಂಡನ್ನು ಒಯ್ಯುತ್ತಿರುವ ಆಟಗಾರನನ್ನು ಎದುರಾಳಿಯು ಕಾಲು ಕೊಟ್ಟು ಕೆಡವಿದರೆ, ಹಿಡಿದೆಳೆದರೆ, ನೂಕಿದರೆ ಅದು ಅಪರಾಧ. ಅದನ್ನು ‘ಫೌಲ್’ ಎನ್ನುತ್ತಾರೆ. ಈ ಅಪರಾಧವು ಗೋಲಿನ ಮುಂದಣ 18 ಗಜಗಳ ಆವರಣದೊಳಗೆ ನಡೆದುದಾದರೆ, ಕೆಡವಿದವನ ಪಕ್ಷಕ್ಕೆ ‘ಪೆನಾಲ್ಟಿ’ಯ ದಂಡನೆ. ಆಗ ಇನ್ನೊಂದು ಪಕ್ಷದವರು 12 ಗಜಗಳ ದೂರದಿಂದ, ಗೋಲ್‌ಕೀಪರನೊಬ್ಬನನ್ನುಳಿದು ಮತ್ತಾರ ಅಡ್ಡಿಯೂ ಇಲ್ಲದೆ, ಚೆಂಡನ್ನು ಒದೆಯಬಹುದು. ಇಂತಹ ಒದೆತಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಗೋಲಾಗುತ್ತವೆ. ತೊಂಬತ್ತು ನಿಮಿಷಗಳ ಆಟದಲ್ಲಿ ಒಂದೆರಡು ಗೋಲುಗಳಿಂದಲೇ ಜಯಾಪಜಯಗಳು ತೀರ್ಮಾನವಾಗುವಾಗ ಇದರ ಬೆಲೆಯೆಷ್ಟೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಆ ಬೆಲೆಯೇ ಆಸೆಯ ಮೂಲ. ಎದುರಾಳಿಯು ಮುಟ್ಟದಿದ್ದರೂ, ಅಥವಾ ತುಸುವೇ ತಾಗಿದರೂ, ಗುಂಡೇಟು ತಗುಲಿದವನಂತೆ ನೆಲಕ್ಕುರುಳಿ, ಮೊಣಕಾಲನ್ನೋ ಮುಖವನ್ನೋ ಹಿಡಿದು ಹೊರಳಾಡಿ ರೆಫರಿಯನ್ನು ವಂಚಿಸುವುದೇ ಡೈವಿಂಗ್. ನೀರಿಗೆ ಧುಮುಕುವವನ ಭಂಗಿಯಿಂದ ಈ ಹೆಸರು ಬಂದಿದೆ. ಇಲ್ಲಿ ನೀರು ಮಾತ್ರ ಇಲ್ಲ.

1863ರಲ್ಲಿ ಲಂಡನ್ನಿನಲ್ಲಿ ಈ ಆಟದ ನಿಯಮಗಳನ್ನು ಬರೆದವರು ಪ್ರಾಮಾಣಿಕತೆಯನ್ನು ನಿಯಮವಾಗಿ ಬರೆಯಲಿಲ್ಲ. ಅದು ಹೇಳದೆಯೇ ಇರತಕ್ಕುದೆಂದು ಭಾವಿಸಿದರು. 1885ರಲ್ಲಿ ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಆಡುವುದಕ್ಕೆ ಅನುಮತಿ ದೊರೆಯಿತು. 1891ರಲ್ಲಿ, ಐರ್ಲೆಂಡಿನ ವಿಲಿಯಂ ಮೆಕ್ರಮ್ ಎಂಬ ಗೋಲ್‌ಕೀಪರರ ಸಲಹೆಯ ಮೇರೆಗೆ, ಪೆನಾಲ್ಟಿಯ ನಿಯಮ ಬಂದಿತು. ಅದೇ ವರ್ಷ ರೆಫರಿಯೂ ಬಯಲಿನ ಅಂಚಿನಿಂದ ಒಳಕ್ಕೆ ಬಂದು ನಿಂತನು. ಹವ್ಯಾಸಿಗಳ ಪ್ರಸಿದ್ಧ ಸಂಘವಾಗಿದ್ದ ಕೊರಿಂಥಿಯನ್ನರಿಗೆ ಈ ನಿಯಮವು ಅಪಮಾನವೆಂದು ತೋರಿತು. ಸಭ್ಯನಾದವನು ಬೇಕೆಂದೇ ಎದುರಾಳಿಯನ್ನು ಕೆಡವುವನೆಂದು ಊಹಿಸುವುದೇ ತಪ್ಪೆಂದು, ನಮ್ಮ ರಣಜಿತ್‌ಸಿಂಹಜಿಯವರ ಕ್ರಿಕೆಟ್ ಸಂಗಾತಿಯಾಗಿದ್ದ ಸಿ. ಬಿ. ಫ್ರೈ ಅವರು ಖಂಡಿಸಿದರು. ತಮಗೆ ದೊರೆತ ಪೆನಾಲ್ಟಿಯನ್ನು ಕೊರಿಂಥಿಯನ್ನರು ಬೇಕೆಂದೇ ಗೋಲಿನ ಹೊರಕ್ಕೆ ಒದೆಯುತ್ತಿದ್ದರೆಂದೂ, ತಮ್ಮ ವಿರುದ್ಧ ವಿಧಿಸಿದಾಗ ಅವರ ಗೋಲ್‌ಕೀಪರನು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದನೆಂದೂ ಪ್ರತೀತಿಯಿದೆ. ಇದರಲ್ಲಿ ಉಳ್ಳವರ ಬಿಂಕವೂ ಸ್ವಲ್ಪ ಇದ್ದಿತೆಂಬುದನ್ನು ಮರೆಯಲಾಗದು. ಸೋತರೆ ಅವರ ಮನೆಯ ಒಲೆ ಆರುತ್ತಿರಲಿಲ್ಲ. ಆದರೂ ತಪ್ಪಿನ ದಂಡನೆಯೇ ಮುಂದೊಂದು ದಿನ ಹೊಸ ತಪ್ಪಿನ ಆಮಿಷವಾದೀತೆಂದು ಆಗ ಎಷ್ಟು ಮಂದಿ ಊಹಿಸಿದ್ದಾರು?

ಈ ಕಪಟದ ವಿಷಯದಲ್ಲಿ ಜನರ ಮನೋಭಾವವೆಂತಹುದು ಎಂಬುದನ್ನರಿಯಲು ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ದೇಶಗಳ ನಡುವಣ ಮೂರು ವಿಶ್ವಕಪ್ ಪಂದ್ಯಗಳನ್ನು ನೋಡಿದರೆ ಸಾಕು. ಮೊದಲನೆಯದು 1986ರ ಜೂನ್ 22ರಂದು ಮೆಕ್ಸಿಕೋ ನಗರದಲ್ಲಿ ನಡೆಯಿತು. ಗೋಲ್‌ಕೀಪರನಿಗಿಂತ ಗಿಡ್ಡನಾದ ಡಿಯೆಗೊ ಮರಡೋನಾ ಹಾರಿ, ತಲೆಯ ಮರೆಯಲ್ಲಿ ಎಡಗೈಯಿಂದ ಚೆಂಡನ್ನು ಗೋಲಿಗೆ ತಳ್ಳಿದರು. ಟ್ಯುನೀಸಿಯಾ ದೇಶದ ರೆಫರಿಯು ಕೈಯನ್ನು ಕಾಣಲಿಲ್ಲ; ಗೋಲು ಸಂದಿತು. ನಾಲ್ಕು ನಿಮಿಷಗಳ ತರುವಾಯ ಅದೇ ಮರಡೋನಾ ಇಂಗ್ಲೆಂಡಿನ ರಕ್ಷಕರನ್ನು ಒಬ್ಬರ ಹಿಂದೊಬ್ಬರಂತೆ ದಾಟಿ ಹೊಡೆದ ಎರಡನೆಯ ಗೋಲು ಈ ಆಟದ ಚರಿತ್ರೆಯಲ್ಲಿಯೇ ಅಪೂರ್ವವಾದುದೆಂದು ಹೆಸರಾಯಿತು. ಅಂತಹ ಪ್ರತಿಭೆಗೆ ಕಳ್ಳತನದ ಗೋಲು ಬೇಕಾಗಿತ್ತೇ ಎಂದು ಪರಸ್ಥರು ಕೇಳಬಹುದು. ಅರ್ಜೆಂಟೀನಾದ ಜನರು ಮಾತ್ರ ಹಾಗೆ ಕೇಳಲಿಲ್ಲ. 1982ರ ಮಾಲ್ವಿನಾಸ್ ದ್ವೀಪಗಳ ಯುದ್ಧದಲ್ಲಿ ಇಂಗ್ಲಿಷರಿಗೆ ಸೋತಿದ್ದ ಅವರಿಗೆ ಅದು ‘ದೇವರ ಕೈ’ಯೇ ಆಗಿ ತೋರಿತು. ಇಂಗ್ಲೆಂಡಿನಲ್ಲಿ ಅದು ಶುದ್ಧ ವಂಚನೆ.

ಎರಡನೆಯದು 1998ರ ಜೂನ್ 30ರಂದು ಫ್ರಾನ್ಸಿನ ಸಾಂತೆತಿಯೆನ್ ನಗರದಲ್ಲಿ ನಡೆದ ಪಂದ್ಯ. ನೆಲದಲ್ಲಿ ಬಿದ್ದಿದ್ದ ಡೇವಿಡ್ ಬೆಕಮ್ ಸಿಟ್ಟಿನಿಂದ ಕಾಲೆತ್ತಿ ಡಿಯೆಗೊ ಸಿಮಿಯೋನೆಯವರನ್ನು ತಾಗಿಸಿದರು. ತಾಗಿದುದು ಅಲ್ಪ, ಬಿದ್ದುದು ಬಹಳ. ಬೆಕಮ್ ಹೊರಹೋಗಬೇಕಾಯಿತು, ಇಂಗ್ಲೆಂಡ್ ಸೋತಿತು. ತಾವು ಬಿದ್ದುದರಲ್ಲಿ ಅತಿಶಯವಿದ್ದಿತೆಂದು ಸಿಮಿಯೋನೆ ಅನಂತರ ಒಪ್ಪಿಕೊಂಡರು. ಮೂರನೆಯದು 2002ರ ಜೂನ್ 7ರಂದು ಜಪಾನಿನ ಸಪ್ಪೊರೊ ನಗರದ ಪಂದ್ಯ. ಈ ಸಲ ಅರ್ಜೆಂಟೀನಾದ ಮೌರಿಸಿಯೊ ಪೊಚೆಟೀನೊ ಅವರ ಕಾಲಿನ ಬಳಿ ಇಂಗ್ಲೆಂಡಿನ ಮೈಕೆಲ್ ಓವನ್ ಬಿದ್ದರು; ಪೆನಾಲ್ಟಿ ದೊರೆಯಿತು; ಬೆಕಮ್ ಒದ್ದ ಆ ಒಂದೇ ಗೋಲಿನಿಂದ ಇಂಗ್ಲೆಂಡ್ ಗೆದ್ದಿತು. ವರ್ಷಗಳು ಕಳೆದ ಮೇಲೆ ಓವನ್ ಅವರು, 1998ರ ಪೆನಾಲ್ಟಿಯಲ್ಲಿಯೂ 2002ರದರಲ್ಲಿಯೂ ತಾವು ಬೀಳದೆ ನಿಲ್ಲಬಹುದಾಗಿತ್ತೆಂದು ಬಾಯಿಬಿಟ್ಟು ಹೇಳಿದರು. ಆದರೆ 1986ರ ಕೈಯನ್ನು ಇಂದಿಗೂ ಮರೆಯದ ಇಂಗ್ಲಿಷರಲ್ಲಿ 2002ರ ಕಾಲನ್ನು ನೆನೆದು ನಾಚಿದವರು ಎಷ್ಟು ಮಂದಿ? ಡೈವಿಂಗೆಂಬುದು ದಕ್ಷಿಣದ ದೇಶಗಳಿಂದ ಬಂದ ಅಂಟುರೋಗವೆಂದು ಬಹುಕಾಲ ಹೇಳುತ್ತ ಬಂದವರೂ ಅವರೇ. ನಮ್ಮವನು ಬಿದ್ದರೆ ಜಾಣ್ಮೆ, ಅವರವನು ಬಿದ್ದರೆ ಮೋಸ: ಎರಡು ಪಕ್ಷಗಳವರೂ ಕಣ್ಣಿಗೆ ಕಟ್ಟಿಕೊಂಡಿರುವ ಬಟ್ಟೆ ಒಂದೇ.

ಬೀಳುವವರ ಪರವಾಗಿ ಹೇಳತಕ್ಕ ಮಾತುಗಳಿಲ್ಲವೆಂದಲ್ಲ. ಅವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಾಗದು. ಕಾಲ್ಚೆಂಡಿನಲ್ಲಿ ಮೊದಲ ಅಪರಾಧಿಗಳು ಬೀಳುವವರಲ್ಲ, ಕೆಡವುವವರು. 1966ರ ವಿಶ್ವಕಪ್ಪಿನಲ್ಲಿ ಬಲ್ಗೇರಿಯಾ ಮತ್ತು ಪೋರ್ಚುಗಲ್ ತಂಡಗಳ ರಕ್ಷಕರು ಪೆಲೆಯವರನ್ನು ಒದ್ದು ಒದ್ದು ಕುಂಟಿಸಿದರು. 1983ರಲ್ಲಿ ಸ್ಪೇನಿನಲ್ಲಿ ಮರಡೋನಾರ ಕಣಕಾಲೇ ಮುರಿಯಿತು. ಇಂತಹ ಒದೆತಗಳನ್ನು ಗಂಡಸುತನವೆಂದು ಹೊಗಳಿದ ನಾಲಿಗೆಯೇ ಬೀಳುವವನನ್ನು ಹೇಡಿಯೆಂದು ಹಳಿದುದೂ ಉಂಟು. ಇನ್ನೊಂದು ವಾದ ಇದಕ್ಕಿಂತ ಬಲವಾದುದು. ನಿಯಮದಂತೆ, ಅಪರಾಧವಾಗಲು ಆಟಗಾರನು ಬೀಳಲೇಬೇಕೆಂದಿಲ್ಲ. ಅಂಗಿ ಹಿಡಿದೆಳೆದರೂ ಸಾಕು. ಆದರೆ ಎಳೆತವನ್ನು ಸಹಿಸಿ, ತಡವರಿಸುತ್ತಲೇ ನಿಂತು ಓಡುವವನಿಗೆ ರೆಫರಿಯ ಸೀಟಿ ಊದುವುದು ಅಪರೂಪ. ನಿಂತವನಿಗೆ ನ್ಯಾಯವಿಲ್ಲ, ಬಿದ್ದವನಿಗೆ ಉಂಟು ಎಂದಾದರೆ, ಬೀಳುವುದನ್ನು ಕಲಿಸಿದ ಗುರು ಯಾರು? 2011ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಪಂಡಿತರು ಯುರೋಪಿನ ಪಂದ್ಯಗಳನ್ನು ಪರೀಕ್ಷಿಸಿದಾಗ, ಎದುರಾಳಿಯ ಗೋಲು ಹತ್ತಿರವಿದ್ದಾಗಲೂ ಎರಡು ಪಕ್ಷಗಳ ಗೋಲುಗಳು ಸಮವಾಗಿದ್ದಾಗಲೂ ಕಪಟದ ಬೀಳುವಿಕೆ ಹೆಚ್ಚೆಂದು ಕಂಡರು. ರೆಫರಿಗಳು ಸುಲಭವಾಗಿ ಮೋಸಹೋಗುವ ಕಡೆಯಲ್ಲಿಯೇ ಅದರ ಬೆಳೆ ಹುಲುಸೆಂದೂ ಕಂಡರು. ಅಂದಮೇಲೆ ಇದು ಉದ್ವೇಗದ ತಪ್ಪಲ್ಲ. ಲಾಭನಷ್ಟಗಳನ್ನು ತೂಗಿ ಮಾಡಿದ ವ್ಯಾಪಾರ.

ಈ ವ್ಯಾಪಾರದಲ್ಲಿ ನಷ್ಟ ಹೊಂದುವವನು ಯಾರೆಂಬುದನ್ನು ವಿಚಾರಿಸಬೇಕು. ಸೋತ ತಂಡವೆಂದು ಮೇಲುನೋಟಕ್ಕೆ ತೋರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ನಷ್ಟವು ನಿಜವಾಗಿ ಪೆಟ್ಟು ತಿಂದು ಬಿದ್ದ ಪ್ರಾಮಾಣಿಕನದು. ಹತ್ತು ಸಲ ಮೋಸಹೋದ ರೆಫರಿಯು ಹನ್ನೊಂದನೆಯ ಸಲ ನಿಜವಾದ ನೋವನ್ನೂ ನಂಬುವುದಿಲ್ಲ. ತೋಳ ಬಂತೆಂದು ಕೂಗಿದ ಹುಡುಗನ ಕಥೆಯಲ್ಲಿ ಕೂಗಿದವನೇ ಕುರಿಗಳನ್ನು ಕಳೆದುಕೊಂಡನು. ಇಲ್ಲಿ ಕೂಗುವವನೊಬ್ಬ, ಕಳೆದುಕೊಳ್ಳುವವನು ಮತ್ತೊಬ್ಬ. ನ್ಯಾಯಸ್ಥಾನಗಳ ಪರಿಚಯವುಳ್ಳ ವಾಚಕರು ಇದನ್ನು ಬಲ್ಲರು. ಸುಳ್ಳುಸಾಕ್ಷಿಗಳು ಹೆಚ್ಚಿದ ಊರಿನಲ್ಲಿ ಕೆಡುವುದು ಒಂದು ಮೊಕದ್ದಮೆಯಷ್ಟೇ ಅಲ್ಲ. ನಿಜವಾದ ಸಾಕ್ಷಿಯ ಬೆಲೆಯೂ ಇಳಿದುಹೋಗುತ್ತದೆ.

ಈ ದಾರಿಯ ಕೊನೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ 1989ರ ಸೆಪ್ಟೆಂಬರ್ 3ರ ದೃಷ್ಟಾಂತವಿದೆ. ಬ್ರೆಜಿಲ್ ದೇಶದ ಮರಕನಾ ಕ್ರೀಡಾಂಗಣದಲ್ಲಿ ಚಿಲಿ ತಂಡವು ಸೋಲುತ್ತಿತ್ತು. ಪ್ರೇಕ್ಷಕರ ನಡುವಿನಿಂದ ಉರಿಯುವ ಬಾಣವೊಂದು ಬಂದು ಚಿಲಿಯ ಗೋಲ್‌ಕೀಪರ್ ರೊಬೆರ್ತೊ ರೋಹಾಸರ ಬಳಿ ಬಿದ್ದಿತು. ಅವರು ಮುಖದಲ್ಲಿ ರಕ್ತ ಸುರಿಸುತ್ತ ಕುಸಿದರು. ಸಂಗಾತಿಗಳು ಅವರನ್ನು ಎತ್ತಿಕೊಂಡು ಬಯಲನ್ನೇ ಬಿಟ್ಟು ನಡೆದರು. ಬಾಣವು ಅವರಿಗೆ ತಾಗಿಯೇ ಇರಲಿಲ್ಲವೆಂದು ಚಿತ್ರಗಳಿಂದ ತಿಳಿದುಬಂದಿತು. ಕೈಗವಸಿನಲ್ಲಿ ಬಚ್ಚಿಟ್ಟಿದ್ದ ಬ್ಲೇಡಿನಿಂದ ಅವರು ತಮ್ಮ ಮುಖವನ್ನು ತಾವೇ ಕೊಯ್ದುಕೊಂಡಿದ್ದರು. ಅವರಿಗೆ ಆಜೀವ ಬಹಿಷ್ಕಾರವಾಯಿತು. 2001ರಲ್ಲಿ ಅದನ್ನು ತೆಗೆದರಾದರೂ ಆಡುವ ವಯಸ್ಸು ಕಳೆದುಹೋಗಿತ್ತು. ಚಿಲಿ ದೇಶಕ್ಕೆ 1994ರ ವಿಶ್ವಕಪ್ಪಿನ ಬಾಗಿಲು ಮುಚ್ಚಿತು. ಒಬ್ಬನ ಕಪಟಕ್ಕೆ ನಾಡೆಲ್ಲ ತಲೆ ತಗ್ಗಿಸಬೇಕಾಯಿತು.

ಆಟದ ಅಧಿಕಾರಿಗಳು ಸುಮ್ಮನೆ ಕುಳಿತಿಲ್ಲವೆಂಬುದನ್ನು ಒಪ್ಪಬೇಕು. 1999ರಲ್ಲಿ, ರೆಫರಿಯನ್ನು ವಂಚಿಸಲು ಬಯಲಿನ ಯಾವ ಭಾಗದಲ್ಲಿ ನಟಿಸಿದರೂ ಅದು ಕ್ರೀಡಾಧರ್ಮಕ್ಕೆ ವಿರುದ್ಧವಾದುದು, ಹಳದಿ ಚೀಟಿಗೆ ಅರ್ಹವಾದುದು ಎಂದು ನಿಯಮದಲ್ಲಿ ಸೇರಿಸಿದರು. 2017ರಲ್ಲಿ ಇಂಗ್ಲೆಂಡಿನವರು, ಇಂತಹ ವಂಚನೆಯಿಂದ ಪೆನಾಲ್ಟಿ ಗಿಟ್ಟಿಸಿದವನನ್ನು ಪಂದ್ಯ ಮುಗಿದ ಮೇಲೆಯೂ ವಿಚಾರಿಸಿ ಎರಡು ಪಂದ್ಯಗಳಿಂದ ಹೊರಗಿಡುವ ಏರ್ಪಾಟು ಮಾಡಿದರು. 2018ರ ವಿಶ್ವಕಪ್ಪಿನಿಂದ ರೆಫರಿಗೆ ಕ್ಯಾಮೆರಾಗಳ ನೆರವೂ ಒದಗಿತು. ಅದೇ ವಿಶ್ವಕಪ್ಪಿನಲ್ಲಿ, ಕೋಸ್ಟರಿಕಾ ತಂಡದ ವಿರುದ್ಧ ಬ್ರೆಜಿಲ್ಲಿನ ನೇಮಾರ್ ಹಿಂದಕ್ಕೆ ವಾಲಿ ಬಿದ್ದಾಗ ಮೊದಲು ಕೊಟ್ಟ ಪೆನಾಲ್ಟಿಯನ್ನು, ಚಿತ್ರವನ್ನು ನೋಡಿ, ರೆಫರಿಯು ಹಿಂದಕ್ಕೆ ಪಡೆದರು. ಇದು ಒಳ್ಳೆಯದೇ. ಆದರೆ ಯಂತ್ರಕ್ಕೂ ಒಂದು ಎಲ್ಲೆಯಿದೆ. ಗೋಲು, ಪೆನಾಲ್ಟಿ ಮೊದಲಾದ ಕೆಲವು ಪ್ರಸಂಗಗಳಲ್ಲಿ ಮಾತ್ರ ಅದರ ಪ್ರವೇಶ. ಅಲ್ಲದೆ ಕ್ಯಾಮೆರಾ ಕಾಲು ತಾಗಿದುದನ್ನು ತೋರಿಸಬಲ್ಲುದು. ತಾಗಲೆಂದು ಕಾಯುತ್ತಿದ್ದ ಮನಸ್ಸನ್ನು ತೋರಿಸಲಾರದು. ಹಿಂದೆ ಮುಟ್ಟದಿದ್ದರೂ ಬೀಳುತ್ತಿದ್ದವನು ಈಗ ಮುಟ್ಟಿಸಿಕೊಂಡು ಬೀಳಲು ಕಲಿಯುತ್ತಾನೆ.

ಹಾಗಾದರೆ ಮದ್ದು ಎಲ್ಲಿದೆ? 1997ರ ಮಾರ್ಚಿಯಲ್ಲಿ ಲಂಡನ್ನಿನಲ್ಲಿ ಆರ್ಸೆನಲ್ ತಂಡದ ವಿರುದ್ಧ ಆಡುತ್ತಿದ್ದ ಲಿವರ್‌ಪೂಲಿನ ರಾಬಿ ಫೌಲರ್ ಗೋಲ್‌ಕೀಪರ್ ಡೇವಿಡ್ ಸೀಮನ್ ಅವರ ಮುಂದೆ ಬಿದ್ದರು, ರೆಫರಿಯು ಪೆನಾಲ್ಟಿಯೆಂದರು. ಫೌಲರ್ ಕೂಡಲೇ ಎದ್ದು, ತಮ್ಮನ್ನು ಯಾರೂ ಕೆಡವಲಿಲ್ಲವೆಂದು ಕೈಯಾಡಿಸಿ ಹೇಳಿದರು. ರೆಫರಿಯು ಕೇಳಲಿಲ್ಲ. ಫೌಲರ್ ಒದ್ದ ಚೆಂಡನ್ನು ಸೀಮನ್ ತಡೆದರೂ, ತಿರುಗಿಬಂದ ಚೆಂಡನ್ನು ಸಂಗಾತಿಯೊಬ್ಬನು ಗೋಲಾಗಿಸಿದನು. ಸತ್ಯ ಹೇಳಿದವನ ಪಕ್ಷಕ್ಕೆ ಅಂದು ನಷ್ಟವಾಗಲಿಲ್ಲ. 2012ರಲ್ಲಿ ಇಟಲಿಯಲ್ಲಿ ಮಿರೊಸ್ಲಾವ್ ಕ್ಲೋಸೆಯವರಿಗೆ ಆ ಅದೃಷ್ಟವಿರಲಿಲ್ಲ. ನಾಪೊಲಿ ತಂಡದ ಮೇಲೆ ಹೊಡೆದ ಗೋಲು ತಮ್ಮ ಕೈ ತಾಗಿ ಆದುದೆಂದು ಅವರು ರೆಫರಿಗೆ ತಾವೇ ಹೇಳಿದರು, ಗೋಲು ರದ್ದಾಯಿತು, ಅವರ ಲಾಟ್ಸಿಯೊ ತಂಡವು 3–0ರಿಂದ ಸೋತಿತು. ಆದರೂ ಆ ಪಂದ್ಯವನ್ನು ಜನರು ನೆನೆಯುವುದು ಗೆದ್ದವರ ಗೋಲುಗಳಿಗಿಂತ ಹೆಚ್ಚಾಗಿ ಈ ಒಂದು ಮಾತಿಗಾಗಿ.

ಇವರು ಅಪವಾದಗಳೆಂಬುದೇ ದುಃಖದ ಸಂಗತಿ. ಇಂತಹವರು ಹೆಚ್ಚಬೇಕಾದರೆ ಮೊದಲು ಬದಲಾಗಬೇಕಾದವರು ಪ್ರೇಕ್ಷಕರು. ಬಿದ್ದು ಗೆಲ್ಲಿಸಿದವನನ್ನು ಹೆಗಲ ಮೇಲೆ ಹೊತ್ತು, ನಿಂತು ಸೋತವನನ್ನು ಪೆದ್ದನೆಂದು ಹೀಯಾಳಿಸುವ ಜನರೇ ಈ ವಿದ್ಯೆಯ ನಿಜವಾದ ಪೋಷಕರು. ಆಟಗಾರನಿಗೆ ಹಣ ಕೊಡುವವರೂ ಅವರೇ, ಹೆಸರು ಕೊಡುವವರೂ ಅವರೇ.

ಕುರುಕ್ಷೇತ್ರದಲ್ಲಿ ಧರ್ಮರಾಯನು ಅಶ್ವತ್ಥಾಮನ ವಿಷಯದಲ್ಲಿ ಅರ್ಧ ಸತ್ಯವನ್ನಾಡಿ ದ್ರೋಣನನ್ನು ಕೆಡವಿಸಿದನು. ಪಾಂಡವರು ಗೆದ್ದರು, ನಾವೆಲ್ಲರೂ ಪಾಂಡವರ ಪಕ್ಷದವರೇ. ಆದರೂ ನಮ್ಮ ಪೂರ್ವಿಕರು ಆ ಮಾತನ್ನು ಜಾಣ್ಮೆಯೆಂದು ಕೊಂಡಾಡಿ ಬಿಟ್ಟುಬಿಡಲಿಲ್ಲ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥವು ಆ ಕ್ಷಣದಲ್ಲಿಯೇ ನೆಲಕ್ಕಿಳಿಯಿತೆಂದು ಹೇಳಿದರು. ತಮ್ಮವನ ತಪ್ಪನ್ನು ತಪ್ಪೆಂದು ಕರೆಯುವ ಧೈರ್ಯ ಅದು. ತನ್ನ ತಂಡದವನು ಕಪಟದಿಂದ ಪೆನಾಲ್ಟಿ ಗಳಿಸಿದಾಗ ಚಪ್ಪಾಳೆ ತಟ್ಟದೆ ಸುಮ್ಮನೆ ಕುಳಿತುಕೊಳ್ಳುವ ಒಬ್ಬ ಪ್ರೇಕ್ಷಕನಲ್ಲಿ ಆ ಧೈರ್ಯದ ಅಂಶವಿದೆ. ಅಂತಹವರು ಸಾವಿರ ಮಂದಿಯಾದ ದಿನ, ರೆಫರಿಯು ಸೀಟಿ ಊದುವುದಕ್ಕೆ ಮೊದಲೇ ಬಿದ್ದವನು ನಾಚಿ ಎದ್ದು ನಿಂತಾನು.