ಊರುಗಳಿಲ್ಲದ ನಕ್ಷೆ

ಪುಷ್ಯ ಮಳೆ ಹಿಡಿಯಿತೆಂದರೆ ಸಕಲೇಶಪುರದ ಆಚೆಯ ತೋಟಗಳಲ್ಲಿ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ಇಂಟರ್ನೆಟ್ಟು. ಕರೆಂಟಿಗಾದರೆ ಇನ್ವರ್ಟರ್ ಇದೆ. ಇಂಟರ್ನೆಟ್ಟಿಗೆ ಅಂಥದ್ದೇನೂ ಇಲ್ಲ. ತಂತಿಯ ಮೇಲೆ ಬಿದ್ದ ಸಿಲ್ವರ್ ಓಕ್ ಮರವನ್ನು ಯಾರಾದರೂ ಬಂದು ಕಡಿದು ಸರಿಸುವವರೆಗೆ ಕಾಯಬೇಕು. ಅಂಥದೊಂದು ಸಂಜೆ ನನ್ನ ಚಿಕ್ಕಪ್ಪನ ಮಗ ಮಹಡಿಯ ಕೋಣೆಯಲ್ಲಿ ಕೂತು ಬೆಂಗಳೂರಿನಿಂದ ಮಂಗಳೂರಿಗೆ ಸೆಸ್ನಾ 172 ವಿಮಾನ ಹಾರಿಸಲು ಅಣಿಯಾಗುತ್ತಿದ್ದ.

ಕೋಣೆಯ ಒಂದು ಮೂಲೆಯಲ್ಲಿ ಕಳೆದ ವರ್ಷದ ಕಾಳುಮೆಣಸಿನ ಚೀಲಗಳು. ಇನ್ನೊಂದು ಮೂಲೆಯಲ್ಲಿ ತಾತನ ಕಾಲದ ಬೀಟೆ ಮೇಜು; ಅದರ ಅಂಚಿಗೆ ಬಿಗಿದು ಕೂರಿಸಿದ ಯೋಕ್ ಎಂಬ ಚುಕ್ಕಾಣಿ, ಮೇಜಿನಡಿ ರಡ್ಡರ್ ಪೆಡಲ್ಲು, ಮೇಲೆ ಎರಡು ಪರದೆ. ಬಲಗಡೆಯದರಲ್ಲಿ ಕಾಕ್‌ಪಿಟ್ಟು. ಅದು ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, 2006ರದ್ದು, ಡಿವಿಡಿಯಲ್ಲಿ ಬಂದದ್ದು. ಹೊಸದು ಯಾಕೆ ಹಾಕಿಕೊಂಡಿಲ್ಲವೋ ಎಂದೆ.

"ಹೊಸದಕ್ಕೆ ನೆಲ ಕೂಡ ಇಂಟರ್ನೆಟ್ಟಿಂದಲೇ ಬರ್ಬೇಕಣ್ಣ. ನೆಟ್ ಇಲ್ದೇನೂ ಓಡುತ್ತೆ, ಆದ್ರೆ ಕೆಳಗಿನ ಊರು ಊರಿನ ಥರ ಇರಲ್ಲ. ಇದಾದ್ರೆ ಪೂರ್ತಿ ಡಿಸ್ಕಲ್ಲೇ ಇದೆ, ಯಾರ ಹಂಗೂ ಇಲ್ಲ."

ಎಡಗಡೆಯ ಪರದೆಯಲ್ಲಿ ನಕ್ಷೆ. ತಂತ್ರಾಂಶದ ಹೆಸರು ಲಿಟಲ್ ನ್ಯಾವ್‌ಮ್ಯಾಪ್. ಅಲೆಕ್ಸಾಂಡರ್ ಬಾರ್ಥೆಲ್ ಎಂಬವರು ಬರೆದು, ಕಾಸು ಕೇಳದೆ ಹಂಚಿದ್ದಾರೆ. ಮನೆಯಲ್ಲಿ ಕೂತು ವಿಮಾನ ಹಾರಿಸುವ ಮಂದಿಯಲ್ಲಿ ಇದನ್ನು ಅರಿಯದವರು ಕಡಿಮೆ. ಹೊರಡುವ ನಿಲ್ದಾಣವನ್ನೂ ಇಳಿಯುವ ನಿಲ್ದಾಣವನ್ನೂ ತೋರಿಸಿಕೊಟ್ಟರೆ ನಡುವೆ ಹಳದಿ ಗೆರೆಯೊಂದು ಎಳೆದುಕೊಳ್ಳುತ್ತದೆ. ದೂರ, ದಿಕ್ಕು, ಬೇಕಾಗುವ ಇಂಧನ, ಇಳಿಯಲು ಆರಂಭಿಸಬೇಕಾದ ಜಾಗ ಎಲ್ಲವೂ ಪಕ್ಕದಲ್ಲಿ ಲೆಕ್ಕವಾಗಿ ನಿಲ್ಲುತ್ತವೆ. ಆಮೇಲೆ ಹಾರುವಾಗ ಪುಟ್ಟ ವಿಮಾನದ ಗುರುತೊಂದು ಆ ಗೆರೆಯ ಮೇಲೆ ತೆವಳುತ್ತಾ ಸಾಗುತ್ತದೆ. ಸಿಮ್ಯುಲೇಟರೂ ನಕ್ಷೆಯೂ ಒಂದೇ ಕಂಪ್ಯೂಟರಿನೊಳಗೆ ಮಾತಾಡಿಕೊಳ್ಳುವುದರಿಂದ ಅದಕ್ಕೆ ಹೊರಗಿನ ಸಂಪರ್ಕ ಬೇಕಿಲ್ಲ.

ಆದರೆ ಆವತ್ತಿನ ನಕ್ಷೆ ನಾನು ಹಿಂದೆ ಅದೇ ಪರದೆಯಲ್ಲಿ ಕಂಡದ್ದಾಗಿರಲಿಲ್ಲ. ಹೇಮಾವತಿ ಇಲ್ಲ, ರಾಷ್ಟ್ರೀಯ ಹೆದ್ದಾರಿ ಇಲ್ಲ, ರೈಲು ಹಳಿ ಇಲ್ಲ, ಸಕಲೇಶಪುರ ಎಂಬ ಹೆಸರೂ ಇಲ್ಲ. ಒರಟಾಗಿ ಕತ್ತರಿಸಿದಂಥ ಕರಾವಳಿಯ ಅಂಚು, ಒಳಗೆ ಬೋಳು ನೆಲ. ಆ ಬೋಳು ನೆಲದ ಮೇಲೆ ಮಾತ್ರ ನಿಲ್ದಾಣಗಳ ವೃತ್ತ, ರೇಡಿಯೊ ಕೇಂದ್ರಗಳ ಷಟ್ಕೋನ, ವಾಯುಮಾರ್ಗಗಳ ಸಣ್ಣ ಗೆರೆ ಮೊದಲಿನಷ್ಟೇ ಸ್ಪಷ್ಟವಾಗಿ ನಿಂತಿದ್ದವು.

ಹೀಗಾಗುವುದಕ್ಕೆ ಕಾರಣ ಆ ನಕ್ಷೆಯ ಹೆಣಿಗೆಯಲ್ಲಿದೆ. ಅದರಲ್ಲಿ ಎರಡು ಪದರ. ಕೆಳಗಿನದು ಊರು, ಹೊಳೆ, ದಾರಿಗಳ ಚಿತ್ರ. ಓಪನ್‌ಸ್ಟ್ರೀಟ್‌ಮ್ಯಾಪಿನಂಥ ಕಡೆಯಿಂದ 256 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚೌಕ ತುಣುಕುಗಳಾಗಿ ಆಗಿಂದಾಗ್ಗೆ ಬರುತ್ತದೆ. ಒಂದು ಹಂತ ಹಿಗ್ಗಿಸಿದರೆ ಒಂದು ತುಣುಕಿನ ಜಾಗಕ್ಕೆ ನಾಲ್ಕು ಬೇಕು. ಹತ್ತನೆಯ ಹಂತಕ್ಕೆ ಹೋಗುವಷ್ಟರಲ್ಲಿ ಇಡೀ ಭೂಮಿಗೆ ಹತ್ತು ಲಕ್ಷ ದಾಟುತ್ತದೆ. ಎಲ್ಲವನ್ನೂ ಒಮ್ಮೆಗೇ ಬಾಚಿ ಇಟ್ಟುಕೊಳ್ಳೋಣವೆಂದರೆ ಅದಕ್ಕೆ ಅನುಮತಿಯಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನ ಸರ್ವರುಗಳು ದಾನದ ದುಡ್ಡಿನಲ್ಲಿ ನಡೆಯುವಂಥವು. ನಾವು ಕಣ್ಣಾರೆ ನೋಡಿದ ತುಣುಕುಗಳು ಮಾತ್ರ ಕೆಲಕಾಲ ಡಿಸ್ಕಿನಲ್ಲಿ ಉಳಿಯುತ್ತವೆ. ಮೇಲಿನ ಪದರದ ಕಥೆ ಬೇರೆ. ನಿಲ್ದಾಣ, ರನ್‌ವೇ, ರೇಡಿಯೊ ಕೇಂದ್ರಗಳನ್ನೆಲ್ಲ ಈ ತಂತ್ರಾಂಶ ಸಿಮ್ಯುಲೇಟರಿನ ಸೀನರಿ ಕಡತಗಳಿಂದಲೇ ಓದಿ ತನ್ನ ದತ್ತಕೋಶ ಕಟ್ಟಿಕೊಂಡಿರುತ್ತದೆ. ತಂತಿ ಹರಿದರೂ ಅದಕ್ಕೆ ಏನೂ ಆಗುವುದಿಲ್ಲ.

ಅವನು ಆ ಸಂಜೆ ಆರಿಸಿಕೊಂಡಿದ್ದು ತಂತ್ರಾಂಶದ ಜೊತೆಗೇ ಬರುವ ಆಫ್‌ಲೈನ್ ನಕ್ಷೆ. ಮೊದಲು ಓಪನ್‌ಸ್ಟ್ರೀಟ್‌ಮ್ಯಾಪನ್ನೇ ಇಟ್ಟು ತೋರಿಸಿದ. ತೋಟದ ಸುತ್ತ ನಾಲ್ಕಾರು ಮೈಲಿ ಚೆನ್ನಾಗಿತ್ತು, ಹಿಂದೆಂದೋ ನೋಡಿದ್ದಿರಬೇಕು. ಇನ್ನೊಂದು ಹಂತ ಒಳಗೆ ಹೋದ ಕೂಡಲೇ ಚಿತ್ರ ಹಿಗ್ಗಿ ಮಸುಕಾಯಿತು, ಅಕ್ಷರಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹಬ್ಬಿಕೊಂಡವು. ಅರ್ಧ ಮಸುಕಿನ ನಕ್ಷೆಗಿಂತ ಪೂರ್ತಿ ಬೋಳು ನಕ್ಷೆ ವಾಸಿ ಎಂಬುದು ಅವನ ಲೆಕ್ಕ. ಆಮೇಲೆ ನನಗೂ ಅದು ಸರಿಯೆನಿಸಿತು. ಮಸುಕಿದ್ದರೆ ಕಣ್ಣು ಅದನ್ನೇ ಓದಲು ಹೆಣಗುತ್ತದೆ. ಬೋಳಾಗಿದ್ದರೆ ಉಳಿದದ್ದರತ್ತ ಹೋಗುತ್ತದೆ.

ಹೊರಡುವ ನಿಲ್ದಾಣ ಬೆಂಗಳೂರಿನ ಹಳೆಯ ಎಚ್‌ಎಎಲ್. ಈಗಿನ ದೇವನಹಳ್ಳಿ ನಿಲ್ದಾಣ ಈ ಸಿಮ್ಯುಲೇಟರಿನಲ್ಲಿ ಇಲ್ಲವೇ ಇಲ್ಲ. ಅಲ್ಲಿಂದ ವಿಮಾನಗಳು ಏಳತೊಡಗಿದ್ದು 2008ರ ಮೇ ತಿಂಗಳಲ್ಲಿ, ಡಿವಿಡಿ ಬಂದು ಒಂದೂವರೆ ವರ್ಷವಾದ ಮೇಲೆ. ಇಂಟರ್ನೆಟ್ ಇರುವ ದಿನ ಇದೊಂದು ಮೋಜು. ಕೆಳಗಿನ ಚಿತ್ರದಲ್ಲಿ ದೇವನಹಳ್ಳಿಯ ಎರಡೂ ಉದ್ದನೆಯ ರನ್‌ವೇ ಎದ್ದು ಕಾಣುತ್ತವೆ, ಮೇಲೆ ಮಾತ್ರ ನಿಲ್ದಾಣದ ಗುರುತಿಲ್ಲ. ಎಷ್ಟು ಕ್ಲಿಕ್ಕಿಸಿದರೂ ನಕ್ಷೆ ಬಾಯಿ ಬಿಡುವುದಿಲ್ಲ. ಇಂಟರ್ನೆಟ್ ಹೋದ ದಿನ ಆ ಜಗಳವೂ ಇಲ್ಲ: ಸಿಮ್ಯುಲೇಟರಿಗೆ ಗೊತ್ತಿಲ್ಲದ್ದು ನಕ್ಷೆಗೂ ಗೊತ್ತಿಲ್ಲ, ಇಬ್ಬರೂ 2006ರಲ್ಲೇ ನೆಮ್ಮದಿಯಾಗಿದ್ದಾರೆ.

ಎಚ್‌ಎಎಲ್‌ನಿಂದ ಮಂಗಳೂರಿನ ಬಜ್ಪೆಗೆ ಸುಮಾರು 162 ನಾಟಿಕಲ್ ಮೈಲಿ. ಗೆರೆ 13ನೇ ಅಕ್ಷಾಂಶಕ್ಕೆ ತುಸು ಕೆಳಗೆ, ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಹೋಗುತ್ತದೆ. ಪೂರ್ತಿ ಬೆಂಗಳೂರನ್ನು ದಾಟಿ ಮಾಗಡಿ, ಹಾಸನದ ತೆಂಕಣ ಮಗ್ಗುಲು, ಸಕಲೇಶಪುರ, ಧರ್ಮಸ್ಥಳ. ಪರದೆಯಲ್ಲಿ ಈ ಯಾವ ಹೆಸರೂ ಇಲ್ಲದ್ದರಿಂದ ಅವನು ಕಾಫಿ ಲೆಕ್ಕದ ಹಳೇ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದ: ಊರು, ದೂರ, ನಿಮಿಷ. ಎತ್ತರ 8,500 ಅಡಿ; ಪಡುವಣಕ್ಕೆ ಕಣ್ಣಳತೆಯಲ್ಲಿ ಹಾರುವವರು ಸರಿಸಂಖ್ಯೆಯ ಸಾವಿರಕ್ಕೆ ಐನೂರು ಕೂಡಿಸಿದ ಎತ್ತರ ಹಿಡಿಯಬೇಕೆಂಬುದು ನಿಯಮ.

ನಕ್ಷೆಯ ಕೆಳಗೊಂದು ಉದ್ದನೆಯ ಪಟ್ಟಿಯಲ್ಲಿ ನೆಲದ ಅಡ್ಡಕೊಯ್ತ. ಅಮೆರಿಕದ ಎನ್‌ಒಎಎ ಸಂಸ್ಥೆಯ ಗ್ಲೋಬ್ ಎಂಬ ಎತ್ತರದ ದತ್ತಾಂಶವನ್ನು ಒಮ್ಮೆ ಇಳಿಸಿಕೊಂಡರೆ ಈ ಪಟ್ಟಿಗೂ ಇಂಟರ್ನೆಟ್ಟಿನ ಹಂಗಿಲ್ಲ. ಬೆಂಗಳೂರಿನಿಂದ ಹಾಸನದವರೆಗೆ ನೆಲ ತುಸುವೇ ಏರಿ ತುಸುವೇ ಇಳಿಯುತ್ತಾ ಬಂದು, ಸಕಲೇಶಪುರ ದಾಟಿದ್ದೇ ತಡ ಧಡಕ್ಕನೆ ಕುಸಿದು ಕಡಲ ಮಟ್ಟದತ್ತ ಜಾರುತ್ತದೆ. ಬಸ್ಸಿನಲ್ಲಿ ಶಿರಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಇಳಿದ ಘಟ್ಟ ಇಷ್ಟೇ ಇಷ್ಟು ಜಾಗದಲ್ಲಿದೆ ಎಂದು ನನಗೆ ಹೊಳೆದದ್ದು ಅಲ್ಲೇ. ಆದರೆ ಈ ಗೆರೆಯನ್ನು ಪೂರಾ ನಂಬುವ ಹಾಗಿಲ್ಲ. ಸುಮಾರು ಕಿಲೋಮೀಟರಿಗೊಂದರಂತೆ ಎತ್ತರ ಹಿಡಿದ ದತ್ತಾಂಶವಾದ್ದರಿಂದ ಚೂಪು ಶಿಖರಗಳು ನಯವಾಗಿ, ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತವೆ. ಗೆರೆಯ ಬಡಗಣಕ್ಕೆ 1,894 ಮೀಟರಿನ ಕುದುರೆಮುಖವಿದೆ. ದಾರಿ ತಪ್ಪಿ ಅತ್ತ ಸರಿದರೂ ತಾಕದಿರಲಿ ಎಂಬ ಲೆಕ್ಕವೂ ಆ 8,500 ಅಡಿಯಲ್ಲಿ ಸೇರಿದೆ.

ಕಿಟಕಿಯಾಚೆ ಮಳೆ ಹೆಂಚು ಕಿತ್ತುಹೋಗುವಂತೆ ಹೊಡೆಯುತ್ತಿತ್ತು. ಕಾಕ್‌ಪಿಟ್ಟಿನಾಚೆ ಶುಭ್ರ ನೀಲಿ. ಆ ಹೊತ್ತಿನ ನಿಜವಾದ ಹವಾಮಾನವನ್ನು ಸಿಮ್ಯುಲೇಟರು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವುದು ವಾಡಿಕೆ. ಅದಿಲ್ಲದ ಮೇಲೆ ಮಳೆಯನ್ನೂ ಬಿಸಿಲನ್ನೂ ಪಟ್ಟಿಯಿಂದ ನಾವೇ ಆರಿಸಿಕೊಳ್ಳಬೇಕು. ಅವನು ಬಿಸಿಲು ಆರಿಸಿಕೊಂಡಿದ್ದ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಹಾರಾಟದ ನಡುವೆ ಕೆಳಗಿನ ಅಡುಗೆಮನೆಯಿಂದ ಕೂಗು ಬಂತು, "ಅಪ್ಪ ಹಾಸನ ದಾಟ್ತಾ ಇದಾರೆ!" ಲಿಟಲ್ ನ್ಯಾವ್‌ಮ್ಯಾಪಿನ ಒಳಗೇ ಸಣ್ಣದೊಂದು ವೆಬ್ ಸರ್ವರ್ ಇದೆ. ಮನೆಯ ವೈಫೈ ರೂಟರಿಗೆ ಇನ್ವರ್ಟರಿನ ಕರೆಂಟು ಇದ್ದರೆ ಸಾಕು, ಹೊರಗಿನ ತಂತಿ ಹರಿದಿದ್ದರೂ ಫೋನಿನಲ್ಲಿ ಆ ನಕ್ಷೆ ತೆರೆಯುತ್ತದೆ. ಅವನ ಮಗಳು ಸ್ಟವ್ ಪಕ್ಕ ಕೂತು ಅಪ್ಪನ ವಿಮಾನ ಕಾಯುತ್ತಿದ್ದಳು, ಅದೂ ಆ ಖಾಲಿ ನೆಲದಲ್ಲಿ. ಹಾಸನ ಎಲ್ಲಿದೆಯೆಂದು ಅವಳಿಗೆ ಹೇಗೆ ತಿಳಿಯಿತೋ. ಅವಳಮ್ಮ ಕೇಳಿದ್ದು ಇಷ್ಟೇ: "ಇಳಿಯೋಕೆ ಇನ್ನೆಷ್ಟು ಹೊತ್ತಂತೆ? ರೊಟ್ಟಿ ಹಾಕ್ಲಾ ಬೇಡ್ವಾ?"

ಅಲ್ಲಿಂದ ಮುಂದೆ ಅವನು ಕಿಟಕಿಯಾಚೆ ನೋಡುವುದನ್ನು ಬಿಟ್ಟ. ಮಂಗಳೂರಿನ ವಿಒಆರ್ ಎಂಬ ರೇಡಿಯೊ ಕೇಂದ್ರದ ತರಂಗಾಂತರ ಹಾಕಿ, ಮುಳ್ಳು ನಡುವಿಗೆ ಬಂದು ನಿಲ್ಲುವಂತೆ ಯೋಕನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೂತ. ನೆಟ್ ಇದ್ದ ದಿನ ಹೊಳೆ ನೋಡಿ, ಹೆದ್ದಾರಿ ನೋಡಿ, ಊರು ಗುರುತಿಸಿ ಹೋಗುವ ಮನುಷ್ಯ; ನೆಟ್ ಹೋದ ದಿನ ರೇಡಿಯೊ ಹಿಡಿದು ಹೋಗುತ್ತಾನೆ. ನಕ್ಷೆಯಲ್ಲಿ ಏನು ಉಳಿದಿದೆಯೋ ಹಾಗೆ ಹಾರಾಟ. ಇದನ್ನಂದಾಗ ಅವನು ಬೇರೆಯೇ ಕಾಲಕ್ಕೆ ಹೋದ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಹಾರಿಸಿ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದರಲ್ಲ, ಅವರ ಪುಸ್ ಮಾತ್ ವಿಮಾನದಲ್ಲಿ ರೇಡಿಯೊ ಇರಲಿಲ್ಲ. ಅವರಿಗಿದ್ದದ್ದು ನೆಲವೊಂದೇ. ನಮ್ಮ ಮುಂದಿನ ಪರದೆಯಿಂದ ಅಳಿಸಿಹೋಗಿದ್ದದ್ದೂ ಅದೇ.

ಧರ್ಮಸ್ಥಳ ಕಳೆದದ್ದೇ ಇಳಿತ. ಎತ್ತರದ ಪ್ರತಿ ಸಾವಿರ ಅಡಿಗೆ ಮೂರು ಮೈಲಿ ಎಂಬುದು ಪೈಲಟ್‌ಗಳ ಬಾಯಿಲೆಕ್ಕ. ನಕ್ಷೆ ತೋರಿಸಿದ ಜಾಗವೂ ಅದರ ಆಸುಪಾಸಿನಲ್ಲೇ ಇತ್ತು. ಬಜ್ಪೆಯಲ್ಲಿ ಚಕ್ರ ಎರಡು ಸಲ ಪುಟಿದು ನೆಲ ಹಿಡಿಯಿತು.

ರೊಟ್ಟಿ ತಿನ್ನುವಾಗ ಮುಂದಿನ ಯೋಜನೆ ಹೇಳಿದ: ವಿನ್ಸೆಂಟ್ ಹೋದಂತೆ ಮುಂಬಯಿಯ ಜುಹುವಿನಿಂದ ಬಳ್ಳಾರಿಗೆ, ರೇಡಿಯೊ ಪೂರ್ತಿ ಬಂದ್. ನೆಟ್ ಬಂದ ದಿನ ಗದಗ, ಕೊಪ್ಪಳ, ಹೊಸಪೇಟೆಯ ರೈಲು ಹಳಿಯನ್ನೆಲ್ಲ ನಕ್ಷೆಯಲ್ಲಿ ನಿಧಾನಕ್ಕೆ ನೋಡಿಟ್ಟುಕೊಂಡರಾಯಿತು, ಡಿಸ್ಕಿನಲ್ಲಿ ಉಳಿಯುತ್ತದೆ. ಹೊಸಪೇಟೆ ಹತ್ತಿರ ಡ್ಯಾಮಿನ ನೀರು ಕಂಡರೆ ಬಳ್ಳಾರಿ ಇನ್ನು ದೂರವಿಲ್ಲ ಎಂದರ್ಥ.

"ತುಂಗಭದ್ರಾ ಡ್ಯಾಮು 1953ರದ್ದು ಕಣೋ. ವಿನ್ಸೆಂಟ್‌ಗೆ ಎಲ್ಲಿತ್ತು ಆ ನೀರು?" ಎಂದೆ.

"ಅಷ್ಟು ದೊಡ್ಡ ನೀರು ಕಣ್ಣೆದುರಿಗೇ ಇದ್ರೆ ಕಾಣ್ಲಿಲ್ಲ ಅನ್ನೋಕಾಗುತ್ತಾ ಅಣ್ಣ?" ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದ.