ತಗಡಿನ ಮನೆಯೊಳಗೆ ಮಂಜಿನ ಕೋಣೆ

ಭಟ್ಕಳದಿಂದ ಹೊರಟು ಹೊನ್ನಾವರದಲ್ಲಿ ಶರಾವತಿಯನ್ನು ದಾಟಿ ಕುಮಟಾದತ್ತ ಸಾಗುವ ಪ್ರಯಾಣಿಕರಿಗೆ ಎಡಗಡೆ ಕಡಲು, ಬಲಗಡೆ ಸಹ್ಯಾದ್ರಿಯ ನೀಲಿ ಸಾಲು ಆಗಾಗ ಇಣುಕಿ ಮರೆಯಾಗುತ್ತವೆ. ಆ ಸೊಬಗನ್ನು ಬಣ್ಣಿಸಿದವರು ಅನೇಕರು. ಆದರೆ ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡು, ಅಘನಾಶಿನಿಯ ಅಳಿವೆಯ ತದಡಿ ಮುಂತಾದ ಬಂದರುಗಳ ದಂಡೆಯಲ್ಲಿ ನಿಂತಿರುವ ತಗಡಿನ ಷೆಡ್ಡುಗಳನ್ನು ಕುರಿತು ಯಾರೂ ಬರೆದಂತಿಲ್ಲ. ನೋಡಲು ಅವುಗಳಲ್ಲಿ ಅಂದವೇನೂ ಇಲ್ಲ, ನಿಜ. ಆದರೂ ನಮ್ಮ ನಿಮ್ಮ ಮನೆಯ ಊಟದ ಎಲೆಗೆ ಬರುವ ಬಂಗಡೆಯ ಯೋಗ್ಯತೆಯೂ ಅದನ್ನು ಮಾರುವ ಹೆಂಗಸಿನ ಸಂಸಾರದ ಸ್ಥಿತಿಯೂ ಬಹುಮಟ್ಟಿಗೆ ನಿರ್ಧಾರವಾಗುವುದು ಈ ತಗಡಿನ ಮಾಡಿನ ಕೆಳಗೇ.

ಮೀನು ಬಲೆಗೆ ಬಿದ್ದು ಸತ್ತ ಗಳಿಗೆಯಿಂದಲೇ ಕೆಡಲಾರಂಭಿಸುವ ವಸ್ತು. ಅಕ್ಕಿಯ ವ್ಯಾಪಾರಿಯು ಇಂದು ಧಾರಣೆ ಬರಲಿಲ್ಲವೆಂದು ನಾಳೆಯವರೆಗೆ ಕಾಯಬಲ್ಲ. ಅಡಕೆಯವನು ತಿಂಗಳುಗಟ್ಟಲೆ ಕಾಯಬಲ್ಲ. ಮೀನಿನವಳು ಕಾಯಲಾರಳು. ದೋಣಿಗಳೆಲ್ಲ ಒಮ್ಮೆಲೇ ತುಂಬಿ ಬಂದ ದಿನ ಬೆಲೆ ಕುಸಿಯುತ್ತದೆ; ಹೊತ್ತು ಇಳಿದಂತೆ ಇನ್ನಷ್ಟು ಇಳಿಯುತ್ತದೆ. “ಈ ಬೆಲೆಗೆ ಕೊಡಲಾರೆ, ನಾಳೆ ಬನ್ನಿ” ಎಂಬ ಒಂದು ಮಾತನ್ನು ಆಡುವ ಶಕ್ತಿ ಅವಳಿಗೆ ಬರಬೇಕಾದರೆ, ಇಂದಿನ ಮೀನು ನಾಳೆಯೂ ಮೀನಾಗಿಯೇ ಉಳಿದಿರಬೇಕು. ಆ ಶಕ್ತಿಯ ಹೆಸರೇ ಐಸು. ಮತ್ತು ಆ ಐಸನ್ನು ಕಾಯುವ ಗೋಡೆ.

ಉಪ್ಪಿನಿಂದ ಐಸಿಗೆ

ಐಸು ಬರುವುದಕ್ಕೆ ಮೊದಲು ಈ ಕರಾವಳಿಗೆ ಉಪ್ಪೂ ಬಿಸಿಲೂ ಆಧಾರವಾಗಿದ್ದವು. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಉಪ್ಪಿನ ಆಗರಗಳು ಇಂದಿಗೂ ಪ್ರಸಿದ್ಧ. ಕಾಸರಕೋಡಿನ ಟೊಂಕದ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುವ ಕಸುಬು ಈಗಲೂ ನಡೆದಿದೆ. ಒಣಮೀನು ಘಟ್ಟವನ್ನೇರಿ ಬಯಲುಸೀಮೆಯ ಸಂತೆಗಳನ್ನು ತಲಪುತ್ತಿತ್ತು. ಹಸಿಮೀನಿನ ಲೋಕವಾದರೋ ತಲೆಹೊರೆಯ ಬುಟ್ಟಿ ಮಧ್ಯಾಹ್ನದೊಳಗೆ ಎಷ್ಟು ದೂರ ಹೋಗಬಲ್ಲುದೋ ಅಷ್ಟಕ್ಕೇ ಸೀಮಿತ.

1953ರಲ್ಲಿ ಕೇರಳದ ಕೊಲ್ಲಂ ಬಳಿ ಕಾರ್ಯ ಆರಂಭಿಸಿದ ಭಾರತ–ನಾರ್ವೆ ಯೋಜನೆ ಯಂತ್ರದ ದೋಣಿಗಳ ಜೊತೆಗೆ ಐಸಿನ ಕಾರ್ಖಾನೆಯನ್ನೂ ತಂದಿತು. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ವಿಸ್ತರಿಸಿತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದು, ಊರಿಗೆ ಊರೇ ಸೇರಿ ದಂಡೆಗೆ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ಒಮ್ಮೆಗೇ ರಾಶಿ ರಾಶಿ ಮೀನು ಬಂದಿಳಿಯುವ ಬಂದರುಗಳಲ್ಲಿ ಐಸಿಲ್ಲದೆ ವ್ಯವಹಾರವೇ ಇಲ್ಲವೆಂಬಂತಾಯಿತು. ಐಸಿನೊಡನೆ ಬಂದದ್ದು ಈ ತಗಡಿನ ಷೆಡ್ಡು.

ತಗಡಿನ ಗುಣ, ತಗಡಿನ ದೋಷ

ಸುಕ್ಕುತಗಡಿಗೆ ಲಂಡನ್ನಿನ ಹೆನ್ರಿ ಪಾಮರನು 1829ರಲ್ಲಿ ಹಕ್ಕುಪತ್ರ ಪಡೆದನು. ಹಗುರ, ಅಗ್ಗ, ಒಂದೇ ದಿನದಲ್ಲಿ ಎದ್ದು ನಿಲ್ಲುವಂಥದು; ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಜನ ಅದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಮಳೆಯನ್ನು ತಡೆದಷ್ಟು ಸಮರ್ಥವಾಗಿ ಬಿಸಿಲನ್ನು ತಡೆಯಲಾರದು. ಅಜ್ಜಂದಿರ ಕಾಲದ ಸೋಗೆಯ ಮಾಡಿನಲ್ಲಿ ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಶಾಖವನ್ನು ತಡೆಯುತ್ತಿತ್ತು. ತಗಡಿನಲ್ಲಿ ಅಂಥ ಗಾಳಿಯಿಲ್ಲ. ಕಬ್ಬಿಣವೋ ಶಾಖವನ್ನು ಸರಾಗವಾಗಿ ಸಾಗಿಸುವ ಲೋಹ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕೈಯಿಟ್ಟರೆ ಸುಡುವ ಆ ತಗಡಿನ ಕೆಳಗೆ ಐಸಿನ ಗಡ್ಡೆಯನ್ನಿಡುವುದೆಂದರೆ ಕೆಂಡದ ಪಕ್ಕದಲ್ಲಿ ಬೆಣ್ಣೆಯನ್ನಿಟ್ಟಂತೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ವಾಚಕರು ಬೇಸರಿಸಬಾರದು. ಒಂದು ಕಿಲೋ ಐಸು ಕರಗುವಾಗ 80 ಕಿಲೋಕ್ಯಾಲೊರಿ ಶಾಖವನ್ನು ಹೀರುತ್ತದೆ. 30 ಡಿಗ್ರಿಯಲ್ಲಿರುವ ಒಂದು ಕಿಲೋ ಮೀನನ್ನು 0 ಡಿಗ್ರಿಗೆ ಇಳಿಸಲು ಸುಮಾರು 25 ಕಿಲೋಕ್ಯಾಲೊರಿಯನ್ನು ತೆಗೆದರೆ ಸಾಕು. ಎಂದರೆ ಮೂರು ಕಿಲೋ ಮೀನಿಗೆ ಒಂದು ಕಿಲೋ ಐಸು ಸಾಕಾಗಬೇಕು. ಆದರೆ ಉಷ್ಣದೇಶಗಳ ವಾಡಿಕೆ ಕಿಲೋಗೆ ಕಿಲೋ. ಉಳಿದ ಎರಡು ಪಾಲು ಐಸು ಎಲ್ಲಿ ಹೋಯಿತು? ಗೋಡೆಯಿಂದಲೂ ಮಾಡಿನಿಂದಲೂ ನುಗ್ಗುವ ಶಾಖಕ್ಕೆ ಬಲಿಯಾಯಿತು. ಮೂರು ರೂಪಾಯಿಯ ಐಸಿನಲ್ಲಿ ಒಂದು ರೂಪಾಯಿ ಮೀನಿಗೆ, ಎರಡು ರೂಪಾಯಿ ಗೋಡೆಗೆ!

ಹೊರಗೆ 30 ಡಿಗ್ರಿ, ಒಳಗೆ 0 ಡಿಗ್ರಿ ಇರಬೇಕೆಂದಿಟ್ಟುಕೊಳ್ಳಿ. ಬರೀ ತಗಡಿನ ಒಂದು ಚದರ ಮೀಟರಿನ ಮೂಲಕ ದಿನವೊಂದಕ್ಕೆ ಒಳಬರುವ ಶಾಖ ಸುಮಾರು 45 ಕಿಲೋ ಐಸನ್ನು ಕರಗಿಸಬಲ್ಲುದು. ಅದೇ ತಗಡಿಗೆ 10 ಸೆಂಟಿಮೀಟರು ದಪ್ಪದ ಥರ್ಮಾಕೋಲ್ ಹೊದಿಸಿದರೆ ಕರಗುವುದು ಎರಡೂವರೆ ಕಿಲೋ ಮಾತ್ರ. ಮೂರು ಮೀಟರು ಚೌಕದ ಪುಟ್ಟ ಕೋಣೆಯ ಮಾಡೊಂದರಲ್ಲೇ ಈ ವ್ಯತ್ಯಾಸ ದಿನಕ್ಕೆ 380 ಕಿಲೋ ಐಸಿಗೆ ಸಮ. ಮೇಲೆ ಬಿಸಿಲು ಬಿದ್ದರೆ ತಗಡಿನ ನಷ್ಟ ಇನ್ನೂ ಹೆಚ್ಚು.

ಕಂಬಳಿಯ ನ್ಯಾಯ

ಕಂಬಳಿ ತಾನಾಗಿ ಬಿಸಿಯಲ್ಲ. ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಅದೇ ಕಂಬಳಿಯನ್ನು ಐಸಿಗೆ ಹೊದಿಸಿದರೆ ಹೊರಗಿನ ಬಿಸಿ ಒಳಬರದಂತೆ ತಡೆಯುತ್ತದೆ. ವಿಜ್ಞಾನದ ಕನ್ನಡದಲ್ಲಿ ಇಂಥ ಹೊದಿಕೆಗೆ ಉಷ್ಣನಿರೋಧಕವೆಂದು ಹೆಸರು. ಅದರ ಮಹಿಮೆಗೆ ಇತಿಹಾಸದಲ್ಲೇ ಸಾಕ್ಷಿಯುಂಟು. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಾಯಿಹಡಗು ಅಮೆರಿಕದ ಬಾಸ್ಟನ್ನಿನಿಂದ 180 ಟನ್ನು ಮಂಜುಗಡ್ಡೆಯನ್ನು ಹೊತ್ತು ಕಲ್ಕತ್ತೆಗೆ ಹೊರಟಿತು. ಹಲಗೆಯ ಇಮ್ಮಡಿ ಗೋಡೆ, ನಡುವೆ ಮರದ ತೊಗಟೆಯ ಪುಡಿಯಂಥ ಒಣ ಸಾಮಗ್ರಿ: ಇಷ್ಟೇ ಅದರ ರಕ್ಷಣೆ. ನಾಲ್ಕು ತಿಂಗಳು, ಎರಡು ಸಲ ಭೂಮಧ್ಯರೇಖೆ ದಾಟಿದ ಪಯಣ. ಆದರೂ 100 ಟನ್ನಿನಷ್ಟು ಐಸು ಉಳಿದು ಬಂದಿತು! ಈ ವ್ಯಾಪಾರಕ್ಕಾಗಿ ಮದರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ನಾಲ್ಕು ತಿಂಗಳು ಕಾಯಬಲ್ಲ ವಿದ್ಯೆಗೆ ನಾವು ಕೇಳುತ್ತಿರುವುದು ಕೇವಲ ಒಂದೆರಡು ರಾತ್ರಿ.

ಹಾಗಾದರೆ ತಗಡಿನ ಷೆಡ್ಡನ್ನು ಮೀನಿನ ಕೋಣೆಯಾಗಿಸುವುದು ಹೇಗೆ? ಮೊದಲನೆಯ ಸೂತ್ರ: ಇಡೀ ಷೆಡ್ಡನ್ನು ತಂಪುಮಾಡಲು ಹೊರಡಬಾರದು. ಷೆಡ್ಡು ಕೊಡೆಯಾಗಿರಲಿ, ಅದರೊಳಗೆ ಬೇರೊಂದು ಚಿಕ್ಕ ಕೋಣೆಯನ್ನು ಕಟ್ಟಬೇಕು. ತಗಡಿನ ಮಾಡಿಗೂ ಕೋಣೆಯ ಮುಚ್ಚಿಗೆಗೂ ನಡುವೆ ಗಾಳಿಯಾಡುವಷ್ಟು ತೆರಪಿದ್ದರೆ ತಗಡಿನ ಕಾವು ಅಲ್ಲಿಯೇ ಹೊರಟುಹೋಗುತ್ತದೆ. ತಗಡಿನ ಹೊರಮೈಗೆ ಬಿಳಿ ಬಣ್ಣ ಬಳಿದರೆ ಬಿಸಿಲಿನ ಬಹುಪಾಲು ಮೇಲೆಯೇ ತಿರುಗಿಹೋಗುತ್ತದೆ.

ಗೋಡೆಗೆ ಥರ್ಮಾಕೋಲ್ ಹಲಗೆಗಳನ್ನು ಎರಡು ಪದರವಾಗಿ, ಒಂದರ ಸಂದಿಯ ಮೇಲೆ ಇನ್ನೊಂದರ ಸಂದಿ ಬಾರದಂತೆ ಜೋಡಿಸಬೇಕು. ಕೈಯಲ್ಲಿ ಹಣ ಕಡಮೆಯಿದ್ದವರಿಗೆ ಗರಗಸದ ಹೊಟ್ಟಾಗಲಿ ಭತ್ತದ ಉಮಿಯಾಗಲಿ ಇದೆ. ಅದನ್ನು ಹಲಗೆಗಳ ನಡುವೆ ಎರಡು ಪಟ್ಟು ದಪ್ಪವಾಗಿ ತುಂಬಿದರೆ ಹೆಚ್ಚುಕಡಮೆ ಅದೇ ಫಲ. ಆದರೆ ಹೊಟ್ಟಿಗೊಬ್ಬ ಪರಮಶತ್ರುವಿದ್ದಾನೆ: ನೀರು. ಹೊಟ್ಟಿನಲ್ಲಿ ಶಾಖವನ್ನು ತಡೆಯುವುದು ಅದರ ನಡುವಿನ ಗಾಳಿ. ನೀರಾದರೋ ನಿಶ್ಚಲ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖವನ್ನು ಸಾಗಿಸುತ್ತದೆ. ಕಡಲ ಗಾಳಿಯ ತೇವವು ತಂಪಿನ ಕಡೆಗೆ ನುಸುಳಿ, ಗೋಡೆಯೊಳಗೇ ಹನಿಯಾಗಿ ನಿಲ್ಲುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಹಾಳೆಯ ತಡೆಯನ್ನು ಗೋಡೆಯ ಹೊರಬದಿಗೆ, ಎಂದರೆ ಬಿಸಿಯ ಬದಿಗೆ ಹೊದಿಸಬೇಕು. ಒಳಬದಿಗೆ ಮಾತ್ರ ಹೊದಿಸಿದರೆ ಹೊಟ್ಟು ಒದ್ದೆಯಾಗುವುದು ತಪ್ಪದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುತ್ತದಷ್ಟೆ. ಅದು ಮುಗಿಯುತ್ತಲೇ ಹಳೆಯ ಹೊಟ್ಟನ್ನು ತೆಗೆದು ಒಣಹೊಟ್ಟನ್ನು ತುಂಬುವುದು ವಿವೇಕ.

ಥರ್ಮಾಕೋಲನ್ನು ಇಲಿ ಕೊರೆಯುತ್ತದೆ, ಬೆಂಕಿ ಬೇಗನೆ ಹಿಡಿಯುತ್ತದೆ. ಆದಕಾರಣ ಒಳಮೈಗೆ ತಂತಿಯ ಜಾಲರಿ ಬಿಗಿದು ಸಿಮೆಂಟಿನ ಗಿಲಾವು ಮಾಡಬೇಕು, ಇಲ್ಲವೇ ತೊಳೆಯಲು ಬರುವ ಅಲ್ಯೂಮಿನಿಯಂ ಹಾಳೆ ಹೊದಿಸಬೇಕು. ನೆಲ ಇಳಿಜಾರಾಗಿರಬೇಕು, ಕರಗಿದ ನೀರು ನಿಲ್ಲದೆ ಹೊರಹೋಗಬೇಕು. ಬಾಗಿಲು ಚಿಕ್ಕದಿದ್ದಷ್ಟೂ ಒಳ್ಳೆಯದು. ತಂಪುಗಾಳಿ ಭಾರವಾದದ್ದು, ಬಾಗಿಲು ತೆರೆದೊಡನೆ ನೀರಿನಂತೆ ಕೆಳಗಿನಿಂದ ಹರಿದುಹೋಗುತ್ತದೆ. ಮೇಲಿನಿಂದ ತೆರೆಯುವ ಪೆಟ್ಟಿಗೆಯಲ್ಲಿ ಅದು ಬಾವಿಯ ನೀರಿನಂತೆ ನಿಂತಿರುತ್ತದೆ. ಕೋಣೆ ಕಟ್ಟಲಾರದ ಹೆಂಗಸಿಗೆ ಅಂಥ ಪೆಟ್ಟಿಗೆಯೇ ಕೋಣೆ. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಚಹಾ ತುಂಬಿ ಬರುತ್ತಿದ್ದ ಹಳೆಯ ಮರದ ಪೆಟ್ಟಿಗೆಗಳಿಗೇ ಥರ್ಮಾಕೋಲಿನ ಒಳಗೋಡೆ ಕೊಟ್ಟು ಮೀನು ಸಾಗಿಸುವ ಉಪಾಯವನ್ನು ತೋರಿಸಿದ್ದಾರೆ.

ನಗರದ ಅಡುಗೆಮನೆಗೆ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೀನು ಕೊಳ್ಳುವ ಗೃಹಿಣಿಗೆ ಇದರಿಂದೇನು ಎಂದು ಕೇಳಬಹುದು. ಐಸಿನೊಳಗೆ 0 ಡಿಗ್ರಿಯಲ್ಲಿ ಒಂದು ದಿನದಲ್ಲಿ ಕೆಡುವಷ್ಟು ಮೀನು 5 ಡಿಗ್ರಿಯಲ್ಲಿ ಅರ್ಧ ದಿನದೊಳಗೆ, 10 ಡಿಗ್ರಿಯಲ್ಲಿ ಆರೇ ಗಂಟೆಯಲ್ಲಿ ಕೆಡುತ್ತದೆ. ಬಂಗಡೆಯ ಜಾತಿಯ ಮೀನು ಬಿಸಿಯಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಮುಖ ಕೆಂಪಾಗಿ ತಲೆನೋವು, ವಾಂತಿ ಬರಿಸುವ ಈ ವಿಷ ಎಷ್ಟು ಕುದಿಸಿದರೂ ಹೋಗದು. ಐಸನ್ನು ಕಾಯಲಾರದ ಕಡೆ ಫಾರ್ಮಲಿನ್ನಿನ ಆಸೆ ಹುಟ್ಟುತ್ತದೆ. 2018ರಲ್ಲಿ ಫಾರ್ಮಲಿನ್ನಿನ ಶಂಕೆಯಿಂದ ಗೋವೆಯು ಹೊರರಾಜ್ಯಗಳ ಮೀನನ್ನು ಕೆಲಕಾಲ ತಡೆದು, ಬಳಿಕ ಉಷ್ಣನಿರೋಧಕ ವಾಹನಗಳಲ್ಲಿ ತಂದರೆ ಮಾತ್ರ ಪ್ರವೇಶವೆಂಬ ಷರತ್ತನ್ನು ಹಾಕಿತು. ಗಡಿಯ ಈಚೆಗಿರುವ ಕಾರವಾರದ ಸಣ್ಣ ವ್ಯಾಪಾರಿಗಳಿಗೆ ಅದು ದೊಡ್ಡ ಪೆಟ್ಟಾಯಿತು. ನಾಲ್ಕು ಅಂಗುಲದ ಹೊದಿಕೆ ಇದ್ದವನು ಗಡಿ ದಾಟಿದ. ಇಲ್ಲದವನು ಮರಳಿ ಬಂದ.

ನಮ್ಮ ಕರಾವಳಿಯಲ್ಲಿ ಬಂದರುಗಳಿಗೂ ಜೆಟ್ಟಿಗಳಿಗೂ ಹಣ ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಬರಲಿ. ಆದರೆ ಹರಿಕಾಂತ, ಖಾರ್ವಿ, ಮೊಗೇರ, ಅಂಬಿಗ, ದಾಲ್ದಿ ಮನೆತನಗಳ ಹೆಂಗಸರು ಕೂಡಿ ಕಟ್ಟಿಕೊಳ್ಳಬಹುದಾದ ಇಂಥ ಒಂದೊಂದು ಕೋಣೆಗೆ ಬೇಕಾಗುವುದು ದೊಡ್ಡ ಮೊತ್ತವಲ್ಲ. ಐಸಿನ ಉಳಿತಾಯದಲ್ಲೇ ಅದರ ಬಹುಪಾಲು ಮರಳಿ ಬರುತ್ತದೆ. ಸಹಕಾರ ಸಂಘಗಳು ಬಲೆಗೂ ಎಂಜಿನ್ನಿಗೂ ಸಾಲ ಕೊಡುವಂತೆ ಈ ಗೋಡೆಗೂ ಕೊಡಬೇಕು. ಸಂಜೆಯ ದಲಾಲನ ಎದುರು ಬುಟ್ಟಿಯಿಟ್ಟು ಕುಳಿತವಳು ಅವನು ಹೇಳಿದ ಬೆಲೆಯನ್ನು ಕೇಳಿ, ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಂತಾದ ದಿನ, ಬೆಲೆಯನ್ನು ಹೇಳುವವರು ಇಬ್ಬರಾಗುತ್ತಾರೆ.