ಘಾರಾಪುರಿಗೆ ಒಂದು ದಿನ

ಊರಿನಿಂದ ನೆಂಟರು ಬಂದಾಗ ಮುಂಬಯಿಯ ನಾವು ಅವರನ್ನು ಎಲಿಫೆಂಟಾ ದ್ವೀಪಕ್ಕೆ ಕರೆದೊಯ್ಯುವುದು, ಗುಹೆಯ ಮುಂದೆ ಛಾಯಾಚಿತ್ರ ತೆಗೆದು ಅವಸರದಿಂದ ಮರಳುವುದು ವಾಡಿಕೆ. ಇಡೀ ದಿನವನ್ನು ಮೀಸಲಿಟ್ಟರೆ ಮಾತ್ರ ಆ ಸ್ಥಳ ಒಲಿಯುತ್ತದೆ ಎಂಬುದು ನಮ್ಮ ಅನುಭವ.

ದ್ವೀಪದ ಹಳೆಯ ಹೆಸರು ಘಾರಾಪುರಿ. ಅಲ್ಲಿದ್ದ ಕಲ್ಲಾನೆಯನ್ನು ಕಂಡ ಪೋರ್ಚುಗೀಸರು ಎಲಿಫೆಂಟಾ ಎಂದರು. ಆ ಆನೆ ಈಗ ಬೈಕುಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಆವರಣದಲ್ಲಿದೆ!

ಗೇಟ್‌ವೇಯಿಂದ ಸುಮಾರು ಒಂದು ಗಂಟೆಯ ಜಲಯಾನ. ಕನ್ನಡಿಗರಿಗೆ ಈ ಕಡಲು ಅಪರಿಚಿತವಲ್ಲ. ಇಮ್ಮಡಿ ಪುಲಕೇಶಿಯು ನೂರಾರು ನಾವೆಗಳೊಡನೆ ‘ಪುರಿ’ ಎಂಬ ಪಟ್ಟಣವನ್ನು ಮುತ್ತಿದನೆಂದು ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ವರ್ಣಿಸಿದ್ದಾನೆ. ಆ ಪುರಿ ಇದೇ ದ್ವೀಪವೆಂದು ಕೆಲವು ವಿದ್ವಾಂಸರ ಊಹೆ, ಒಪ್ಪದವರೂ ಇದ್ದಾರೆ.

ಸುಮಾರು 120 ಮೆಟ್ಟಿಲು ಹತ್ತಿದರೆ ಆರನೆಯ ಶತಮಾನದ ಮುಖ್ಯ ಗುಹೆ. ಹೊರಗಿನ ಬಿಸಿಲಿನಿಂದ ಒಳಹೊಕ್ಕವರಿಗೆ ಮೊದಲು ಕತ್ತಲೆಯೇ ಕಾಣುತ್ತದೆ. ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಕಣ್ಣು ಹೊಂದಿಕೊಂಡಂತೆ ಎದುರಿನ ಗೋಡೆಯಿಂದ ಮೂರು ಮುಖದ ಬೃಹನ್ಮೂರ್ತಿ ಮೆಲ್ಲನೆ ಮೂಡಿಬರುತ್ತದೆ. ಇದನ್ನು ತ್ರಿಮೂರ್ತಿ ಎನ್ನುವುದು ರೂಢಿಯಾದರೂ ಮೂರೂ ಶಿವನ ಮುಖಗಳೇ: ನಮ್ಮ ಎಡಕ್ಕೆ ಉಗ್ರವಾದ ಅಘೋರ, ನಡುವೆ ಪ್ರಶಾಂತವಾದ ತತ್ಪುರುಷ, ಬಲಕ್ಕೆ ಸ್ತ್ರೀಸೌಮ್ಯವಾದ ವಾಮದೇವ. ಮಕ್ಕಳಿಗೆ ಇಷ್ಟನ್ನು ಹೇಳಿಕೊಟ್ಟರೆ ಅವರೇ ಅರ್ಧನಾರೀಶ್ವರನನ್ನು ಹುಡುಕಿ ಗುರುತಿಸುತ್ತಾರೆ.

ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ಕಡಲು ಕೆರಳಿದರೆ ದೋಣಿಗಳು ಹೊರಡುವುದಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ಮಾರ್ಗದಲ್ಲಿ ದೋಣಿ ದುರಂತ ಸಂಭವಿಸಿ ಹಲವರು ಅಸುನೀಗಿದರು. ಆದ್ದರಿಂದ, ಸೆಖೆಯೆಂದು ಗೊಣಗದೆ, ಲೈಫ್ ಜಾಕೆಟ್ಟನ್ನು ಹಿರಿಯರಾದಿಯಾಗಿ ಎಲ್ಲರೂ ಧರಿಸತಕ್ಕದ್ದು.